ಧ್ಯಾನದಿಂದ ಎದ್ದ ಹತ್ತು ನಿಮಿಷಕ್ಕೇ ಹೊಟ್ಟೆಕಿಚ್ಚು ಮರಳುತ್ತದೆ: ನನ್ನ ಅಭ್ಯಾಸದಲ್ಲಿ ಎಲ್ಲಿ ತಪ್ಪಿದೆ?

ಪ್ರಶ್ನೆ: ವಿಜಯನಗರದ ಓದುಗಿ

ಎಲ್ಲರಿಗೂ ನಮಸ್ಕಾರ. ನನಗೆ 46 ವರ್ಷ. ಒಂದು ಸಹಕಾರಿ ಬ್ಯಾಂಕಿನ ಲೆಕ್ಕಪತ್ರ ವಿಭಾಗದಲ್ಲಿ ಕೆಲಸ ಮಾಡುತ್ತೇನೆ. ಎಂಟು ತಿಂಗಳಿಂದ ದಿನವೂ ಬೆಳಗ್ಗೆ ಐದೂವರೆಗೆ ಎದ್ದು, ದೇವರ ಮನೆಯ ಮುಂದೆ ಚಾಪೆ ಹಾಸಿಕೊಂಡು, 25 ನಿಮಿಷ ಉಸಿರಾಟದ ಮೇಲೆ ಗಮನವಿಟ್ಟು ಕೂರುತ್ತಿದ್ದೇನೆ. ಕೂತಿರುವಷ್ಟು ಹೊತ್ತು ಮನಸ್ಸು ಬಹುಮಟ್ಟಿಗೆ ತಿಳಿಯಾಗಿಯೇ ಇರುತ್ತದೆ. ಎದ್ದು, ಹಾಲು ಕಾಯಲು ಇಟ್ಟು, ಫೋನನ್ನು ಕೈಗೆತ್ತಿಕೊಂಡ ಹತ್ತು ನಿಮಿಷದೊಳಗೆ ಅದು ಕದಡಿಹೋಗುತ್ತದೆ.

ಕಾರಣವನ್ನು ಮುಚ್ಚಿಟ್ಟುಕೊಂಡು ಕೇಳಿದರೆ ಬರುವ ಉತ್ತರವೂ ಮೇಲುಮೇಲಿನದಾಗಿರುತ್ತದೆ ಎಂದು ತಿಳಿದು ಇದ್ದದ್ದನ್ನು ಇದ್ದಂತೆಯೇ ಬರೆಯುತ್ತೇನೆ. ಹನುಮಂತನಗರದಲ್ಲಿ ಅಪ್ಪ ಕಟ್ಟಿಸಿದ್ದ ಮನೆ ಅವರು ತೀರಿಕೊಂಡ ಮೇಲೆ ಅಣ್ಣನಿಗೆ ಹೋಯಿತು. ಅಮ್ಮ ಕೇಳಿಕೊಂಡರೆಂದು ನಾನೇ ಸಬ್‌ರಿಜಿಸ್ಟ್ರಾರ್ ಕಚೇರಿಗೆ ಹೋಗಿ ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಹಾಕಿ ಬಂದೆ. ಯಾರೂ ನನ್ನನ್ನು ಒತ್ತಾಯಪಡಿಸಲಿಲ್ಲ. ಕಳೆದ ವರ್ಷ ಅಣ್ಣ ಆ ಹಳೆಯ ಮನೆಯನ್ನು ಕೆಡವಿಸಿ ಮೂರು ಅಂತಸ್ತಿನ ಕಟ್ಟಡ ಎಬ್ಬಿಸಿದ. ಕೆಳಗೆ ಅವನ ಸಂಸಾರ, ಮೇಲೆ ಎರಡು ಬಾಡಿಗೆ ಮನೆಗಳು. ಗೃಹಪ್ರವೇಶಕ್ಕೆ ಹೋಗಿ, ನಗುನಗುತ್ತಲೇ ಊಟ ಬಡಿಸಿ, ಮನೆಗೆ ಬಂದು ರಾತ್ರಿಯಿಡೀ ನಿದ್ದೆಯಿಲ್ಲದೆ ಹೊರಳಾಡಿದೆ. ಅಂದಿನಿಂದ ಅತ್ತಿಗೆ ವಾಟ್ಸಾಪ್ ಸ್ಟೇಟಸ್‌ನಲ್ಲಿ ಬಾಲ್ಕನಿಯ ಹೂಕುಂಡದ ಚಿತ್ರ ಹಾಕಿದರೂ ನನ್ನೊಳಗೆ ಏನೋ ಭುಗಿಲೆನ್ನುತ್ತದೆ. ಸಹಿ ಹಾಕಿದವಳು ನಾನೇ ಆಗಿರುವುದರಿಂದ ಸಿಟ್ಟಿಗೆ ಹೊರಗೆ ದಾರಿಯಿಲ್ಲ. ಅದು ಒಮ್ಮೆ ಅಣ್ಣನ ಮೇಲೆ ಹೊರಳುತ್ತದೆ, ಒಮ್ಮೆ ಅಮ್ಮನ ಮೇಲೆ, ಕಡೆಗೆ ನನ್ನ ಮೇಲೆಯೇ.

ಇದಕ್ಕಿಂತ ಹೆಚ್ಚು ನೋಯಿಸುವುದು ನಾಚಿಕೆ. ಬೆಳಗ್ಗೆ ಧ್ಯಾನ, ಗುರುವಾರ ಮಠದ ಉಪನ್ಯಾಸ. ಇಷ್ಟೆಲ್ಲ ಮಾಡಿಯೂ ಒಡಹುಟ್ಟಿದವನ ಏಳಿಗೆಯನ್ನು ಸಹಿಸಲಾಗದವಳು ನಾನು ಎಂಬ ಅರಿವು ದಿನವಿಡೀ ಕೊರೆಯುತ್ತದೆ. ಆ ಯೋಚನೆ ಬಂದಾಗಲೆಲ್ಲ ತಳ್ಳುತ್ತೇನೆ. ತಳ್ಳಿದಷ್ಟೂ ಬಲವಾಗಿ ಬರುತ್ತದೆ. ನನ್ನ ಪ್ರಶ್ನೆ ಇದು: ಧ್ಯಾನದ ಶಾಂತಿ ದಿನದ ಉಳಿದ ಹೊತ್ತಿಗೆ ಏಕೆ ಹರಿದುಬರುವುದಿಲ್ಲ? ನಾನು ಮಾಡುವ ಕ್ರಮದಲ್ಲಿ ದೋಷವಿದೆಯೇ, ಅಥವಾ ಇಂಥ ಭಾವನೆಗಳಿಗೆ ಬೇರೆಯೇ ದಾರಿ ಇದೆಯೇ? ಸ್ವತಃ ನಡೆದು ನೋಡಿದವರು ತಿಳಿಸಿದರೆ ಉಪಕಾರವಾಗುತ್ತದೆ.

ಉತ್ತರ 1: ಜಯನಗರದ ನಿವೃತ್ತ ಸಂಸ್ಕೃತ ಅಧ್ಯಾಪಕ

ಸೋದರಿ, ನಿಮ್ಮ ಪ್ರಶ್ನೆಯನ್ನು ಎರಡು ಸಲ ಓದಿದೆ. ನೀವು ದಿನಕ್ಕೆ ಒಂದು ಧ್ಯಾನ ಮಾಡುತ್ತಿದ್ದೇನೆಂದು ತಿಳಿದಿದ್ದೀರಿ. ನನಗೆ ಕಂಡಂತೆ ಎರಡು ಮಾಡುತ್ತಿದ್ದೀರಿ. ಗೀತೆಯ ಎರಡನೆಯ ಅಧ್ಯಾಯದ 62 ಮತ್ತು 63ನೆಯ ಶ್ಲೋಕಗಳು ಮನುಷ್ಯ ಹೇಗೆ ಕೆಡುತ್ತಾನೆ ಎಂಬುದನ್ನು ಮೆಟ್ಟಿಲು ಮೆಟ್ಟಿಲಾಗಿ ಹೇಳುತ್ತವೆ. ಆ ಮೆಟ್ಟಿಲುಗಳಲ್ಲಿ ಮೊದಲನೆಯದಕ್ಕೆ ಅಲ್ಲಿ ಬಳಕೆಯಾಗಿರುವ ಪದ ‘ಧ್ಯಾಯತಃ’, ಅಂದರೆ ಧ್ಯಾನಿಸುವವನಿಗೆ. ವಿಷಯವೊಂದನ್ನು ಮತ್ತೆ ಮತ್ತೆ ಮನಸ್ಸಿನಲ್ಲಿ ತಿರುವಿ ನೋಡುವುದೂ ಧ್ಯಾನವೇ. ಅದರಿಂದ ಸಂಗ (ಅಂಟು), ಸಂಗದಿಂದ ಕಾಮ (ಬಯಕೆ), ಕಾಮಕ್ಕೆ ತಡೆ ಬಂದಾಗ ಕ್ರೋಧ, ಕ್ರೋಧದಿಂದ ಸಮ್ಮೋಹ (ವಿವೇಕಕ್ಕೆ ಮಂಕು), ಸಮ್ಮೋಹದಿಂದ ಸ್ಮೃತಿವಿಭ್ರಮ (ನೆನಪು ತಪ್ಪುವುದು), ಆಮೇಲೆ ಬುದ್ಧಿನಾಶ. ಬೆಳಗ್ಗೆ 25 ನಿಮಿಷ ಉಸಿರನ್ನು ಧ್ಯಾನಿಸಿ, ಆಮೇಲೆ ಹಗಲಿಡೀ ಹನುಮಂತನಗರದ ಮನೆಯನ್ನು ಧ್ಯಾನಿಸಿದರೆ, ಅಭ್ಯಾಸಬಲ ಯಾವ ಕಡೆಗೆ ಹೆಚ್ಚುತ್ತದೆ ಎಂಬುದನ್ನು ಲೆಕ್ಕದ ವಿಭಾಗದಲ್ಲಿರುವ ನಿಮಗೆ ನಾನು ಹೇಳಬೇಕಾಗಿಲ್ಲ.

ಈ ಸರಪಳಿಯಲ್ಲಿ ‘ಸ್ಮೃತಿ’ ಎಂಬ ಶಬ್ದದ ಬಳಿ ಸ್ವಲ್ಪ ನಿಲ್ಲಬೇಕು. ಬೌದ್ಧ ಸಾಧನೆಯಲ್ಲಿ ಸಾವಧಾನಕ್ಕೆ (ಇಂಗ್ಲಿಷಿನ ಮೈಂಡ್‌ಫುಲ್‌ನೆಸ್) ಬಳಸುವ ಪಾಲಿ ಶಬ್ದ ‘ಸತಿ’. ಅದು ಸಂಸ್ಕೃತದ ‘ಸ್ಮೃತಿ’ಯದೇ ಪಾಲಿ ರೂಪ. ಹಾಗಾದರೆ ಸಾವಧಾನವೆಂದರೆ ಮೂಲತಃ ನೆನಪು. ಈ ಕ್ಷಣದಲ್ಲಿ ನನ್ನೊಳಗೆ ನಡೆಯುತ್ತಿರುವುದು ಇದು ಎಂಬ ನೆನಪನ್ನು ಬಿಡದಿರುವುದು. ಕ್ರೋಧ ಮೊದಲು ಕಿತ್ತುಕೊಳ್ಳುವುದು ಅದನ್ನೇ. ನಿಮ್ಮ ಅಭ್ಯಾಸದಲ್ಲಿ ದೋಷವೇನೂ ನನಗೆ ಕಾಣುತ್ತಿಲ್ಲ. ಅದು ಚಾಪೆಯ ಅಂಚಿನಲ್ಲಿ ನಿಂತುಬಿಟ್ಟಿದೆ, ಅಷ್ಟೇ. ಅಡುಗೆಮನೆಗೆ ಹೋಗುವಾಗ ಆ ನೆನಪನ್ನು ನೀವು ಜೊತೆಗೆ ಒಯ್ಯುತ್ತಿಲ್ಲ.

ನಾಚಿಕೆಯ ಬಗ್ಗೆ ಒಂದು ಮಾತು. ನಮ್ಮ ಹಿರಿಯರು ಅರಿಷಡ್ವರ್ಗಗಳಲ್ಲಿ, ಅಂದರೆ ಮನಸ್ಸಿನ ಆರು ಒಳಶತ್ರುಗಳಲ್ಲಿ, ಮಾತ್ಸರ್ಯವನ್ನು (ಹೊಟ್ಟೆಕಿಚ್ಚನ್ನು) ಆರನೆಯದಾಗಿ ಎಣಿಸಿದ್ದು, ಅದು ಎಲ್ಲರಲ್ಲಿಯೂ ಇರುತ್ತದೆ ಎಂದು ತಿಳಿದೇ. ನಾನು ಕೆಲಸ ಮಾಡುತ್ತಿದ್ದ ಕಾಲೇಜಿನಲ್ಲಿ ನನಗಿಂತ ಆರು ವರ್ಷ ಕಿರಿಯರಾದವರು ವಿಭಾಗದ ಮುಖ್ಯಸ್ಥರಾದರು. ನಾಲ್ಕು ವರ್ಷ ಅವರ ಹೆಜ್ಜೆಯ ಸದ್ದು ಕೇಳಿದರೆ ನನ್ನ ಮೈ ಬಿಗಿಯುತ್ತಿತ್ತು. ಅದೇ ಕಾಲದಲ್ಲಿ ತರಗತಿಯಲ್ಲಿ ನಾನು ಪಾಠ ಹೇಳುತ್ತಿದ್ದದ್ದು ಪತಂಜಲಿಯ ಯೋಗಸೂತ್ರ! ಮೊದಲನೆಯ ಪಾದದ 33ನೆಯ ಸೂತ್ರದಲ್ಲಿ ಚಿತ್ತ ತಿಳಿಯಾಗಲು ನಾಲ್ಕು ಭಾವನೆಗಳನ್ನು ಹೇಳಿದೆ: ಸುಖಿಗಳಲ್ಲಿ ಮೈತ್ರಿ, ದುಃಖಿಗಳಲ್ಲಿ ಕರುಣೆ, ಪುಣ್ಯವಂತರಲ್ಲಿ ಮುದಿತೆ (ಸಂತೋಷ), ಅಪುಣ್ಯರಲ್ಲಿ ಉಪೇಕ್ಷೆ (ಮನಸ್ಸಿಗೆ ಹಚ್ಚಿಕೊಳ್ಳದಿರುವುದು). ಪಟ್ಟಿಯಲ್ಲಿ ಮೊದಲು ಬರುವವರು ದುಃಖಿಗಳಲ್ಲ, ಸುಖಿಗಳು. ಕಷ್ಟದಲ್ಲಿರುವವರನ್ನು ಕಂಡು ಮರುಗುವುದು ನಮಗೆ ಸುಲಭ. ಸುಖವಾಗಿರುವವರ ಜೊತೆ ಸ್ನೇಹದಿಂದಿರುವುದು ಕಷ್ಟ. ನಾನು ಮಾಡಿದ್ದು ಇಷ್ಟೇ: ಅವರು ಎದುರಾದಾಗ ಮನಸ್ಸಿನಲ್ಲಿ, ‘ಇವರಿಗೂ ಮನೆಯಿದೆ, ಮಗಳಿದ್ದಾಳೆ, ಇಂದು ಇವರಿಗೆ ಒಳ್ಳೆಯದಾಗಲಿ’ ಎಂದುಕೊಳ್ಳುವುದು. ಮೊದಮೊದಲು ಮಾತು ಪೂರ್ತಿ ಸುಳ್ಳೆನಿಸುತ್ತಿತ್ತು. ಆರೇಳು ತಿಂಗಳ ಮೇಲೆ ಒಂದು ಬೆಳಗ್ಗೆ ಹಾಗೆನಿಸಲಿಲ್ಲ.

ಉತ್ತರ 2: ಪೀಣ್ಯದ ಟೂಲ್‌ರೂಮ್ ಮೇಲ್ವಿಚಾರಕ

ಮೇಲೆ ಬರೆದ ಹಿರಿಯರ ಮಾತನ್ನು ಗೌರವದಿಂದಲೇ ಒಪ್ಪುತ್ತೇನೆ, ಆದರೆ ಒಂದು ಕಡೆ ನನ್ನ ಅನುಭವ ಬೇರೆ. ಉರಿಯುತ್ತಿರುವಾಗಲೇ ಮೈತ್ರಿಯನ್ನು ತಂದು ಮೇಲೆ ಹೊದಿಸಲು ಹೋದರೆ, ಅಕ್ಕ ಈಗಾಗಲೇ ಹೇಳಿರುವ ‘ತಳ್ಳುವ’ ಕೆಲಸವೇ ಇನ್ನೊಂದು ಹೆಸರಿನಲ್ಲಿ ನಡೆಯಬಹುದು. ಮೊದಲು ಉರಿ ಎಲ್ಲಿದೆ ಎಂದು ನೋಡಬೇಕು.

ನನ್ನ ತೊಂದರೆ ಕೋಪ. ಅಚ್ಚಿನ ಅಳತೆಯಲ್ಲಿ ಕೂದಲೆಳೆಯಷ್ಟು ವ್ಯತ್ಯಾಸ ಬಂದರೂ ಹುಡುಗರ ಮೇಲೆ ಕೂಗಾಡುತ್ತಿದ್ದೆ. ಒಮ್ಮೆ ನನ್ನ ಕೂಗಿಗೆ ಬೆದರಿದ ಹುಡುಗನೊಬ್ಬ ಅವಸರದಲ್ಲಿ ಯಂತ್ರಕ್ಕೆ ಕೈಕೊಟ್ಟು ಬೆರಳಿಗೆ ಗಾಯ ಮಾಡಿಕೊಂಡ. ಆ ವರ್ಷವೇ ತುಮಕೂರು ರಸ್ತೆಯ ಕಡೆ ಆಲೂರಿನಲ್ಲಿರುವ ‘ಧಮ್ಮ ಪಫುಲ್ಲ’ ಕೇಂದ್ರದ ಹತ್ತು ದಿನಗಳ ವಿಪಶ್ಯನ ಶಿಬಿರಕ್ಕೆ ಹೋದೆ. ಬರ್ಮಾದಲ್ಲಿ ಸಯಾಜಿ ಊ ಬಾ ಖಿನ್ ಅವರಿಂದ ಕಲಿತು, 1969ರಲ್ಲಿ ಭಾರತಕ್ಕೆ ಬಂದು ಕಲಿಸಲು ತೊಡಗಿದ ಎಸ್. ಎನ್. ಗೋಯೆಂಕಾ ಅವರ ಪರಂಪರೆ ಅದು. ಶುಲ್ಕವಿಲ್ಲ, ಹಿಂದೆ ಶಿಬಿರ ಮುಗಿಸಿದವರ ದಾನದಿಂದ ನಡೆಯುತ್ತದೆ. ಬೆಳಗಿನ ನಾಲ್ಕಕ್ಕೆ ಗಂಟೆ ಬಾರಿಸುತ್ತಾರೆ, ಮಾತಿಲ್ಲ, ಫೋನಿಲ್ಲ. ಮೊದಲ ಮೂರು ದಿನ ಮೂಗಿನ ಹೊಳ್ಳೆಗಳ ಬಳಿ ಉಸಿರನ್ನು ಗಮನಿಸುವುದು ಮಾತ್ರ. ನಾಲ್ಕನೆಯ ದಿನದಿಂದ ತಲೆಯಿಂದ ಕಾಲಿನವರೆಗೆ ಮೈಯ ಒಂದೊಂದು ಭಾಗದಲ್ಲೂ ಏಳುವ ವೇದನೆಯನ್ನು ನೋಡುವುದು. ಇಲ್ಲಿ ವೇದನೆ ಎಂದರೆ ನೋವೊಂದೇ ಅಲ್ಲ. ಬಿಸಿ, ತುರಿಕೆ, ಜುಮ್ಮೆನ್ನುವಿಕೆ, ಹಗುರತನ ಎಲ್ಲವೂ.

ಅಲ್ಲಿ ನನಗೆ ತಿಳಿದ ಒಂದೇ ಸಂಗತಿ ಇದು. ಕೋಪ ನನ್ನ ತಲೆಗೆ ಮಾತಾಗಿ ಬರುವ ಮೊದಲೇ ಎರಡೂ ಕಿವಿಗಳ ಹಿಂದೆ ಬಿಸಿಯಾಗಿ ಬಂದಿರುತ್ತದೆ. ಆ ಬಿಸಿಗೂ ಬಾಯಿಂದ ಹೊರಡುವ ಮಾತಿಗೂ ನಡುವೆ ಸಣ್ಣದೊಂದು ಸಂದು ಇದೆ. ಇಷ್ಟು ವರ್ಷ ಆ ಸಂದು ನನಗೆ ಕಂಡಿರಲಿಲ್ಲ. ಈಗ ಕಿವಿ ಬಿಸಿಯಾದ ತಕ್ಷಣ ಕೈಯಲ್ಲಿರುವ ಅಳತೆಯ ಉಪಕರಣ ವರ್ನಿಯರನ್ನು ಮೇಜಿನ ಮೇಲೆ ಇಡುತ್ತೇನೆ, ಎರಡು ಪಾದಗಳೂ ನೆಲಕ್ಕೆ ತಾಗಿರುವುದನ್ನು ಗಮನಿಸುತ್ತೇನೆ, ಬಿಸಿ ಹೆಚ್ಚುತ್ತಿದೆಯೇ ಇಳಿಯುತ್ತಿದೆಯೇ ಎಂದಷ್ಟೇ ನೋಡುತ್ತೇನೆ. ಇಳಿಯಲಿ ಎಂದು ಬಯಸುವುದಿಲ್ಲ. ಬಯಸಿದರೆ ಅದು ಇಳಿಯುವುದಿಲ್ಲ. ಹೆಚ್ಚಿನ ದಿನಗಳಲ್ಲಿ ಅರ್ಧ ನಿಮಿಷಕ್ಕೆ ಅದರ ಬಲ ಕುಗ್ಗುತ್ತದೆ. ಆಮೇಲೂ ತಪ್ಪನ್ನು ತಪ್ಪೆಂದೇ ಹೇಳುತ್ತೇನೆ, ಆದರೆ ಹುಡುಗನ ಮುಖ ನೋಡಿ ಹೇಳುತ್ತೇನೆ.

ಅಕ್ಕ, ಕನ್ನಡದಲ್ಲಿ ನಾವು ಈ ಭಾವನೆಯನ್ನು ಹೊಟ್ಟೆಕಿಚ್ಚು ಎನ್ನುತ್ತೇವೆ. ಅದು ಎಲ್ಲಿ ಉರಿಯುತ್ತದೆ ಎಂಬುದನ್ನು ಆ ಶಬ್ದವೇ ತೋರಿಸುತ್ತದೆ. ಮುಂದಿನ ಸಲ ಆ ಚಿತ್ರ ಕಂಡಾಗ ಅಣ್ಣನ ಕುರಿತ ಕಥೆಯನ್ನು ಬಿಟ್ಟು ಹೊಟ್ಟೆಯನ್ನೇ ನೋಡಿ. ನಿಜವಾಗಿಯೂ ಹೊಟ್ಟೆಯೇ? ಎದೆಯೇ? ಗಂಟಲೇ? ಅದರ ಅಂಚು ಎಲ್ಲಿ ಮುಗಿಯುತ್ತದೆ? ಒಂದು ವಾರ ಇಷ್ಟನ್ನೇ ಮಾಡಿ, ಏನು ಕಂಡಿತು ಎಂದು ಇಲ್ಲಿ ಬರೆಯಿರಿ.

ಉತ್ತರ 3: ಮನೋರೋಗ ವಿಭಾಗದ ಶುಶ್ರೂಷಕಿ, ಬನಶಂಕರಿ

ಹದಿನೆಂಟು ವರ್ಷಗಳಿಂದ ಮಾನಸಿಕ ಆರೋಗ್ಯದ ವಾರ್ಡುಗಳಲ್ಲಿ ಕೆಲಸ ಮಾಡುತ್ತಿರುವವಳಾಗಿ ಕೆಲವು ಮಾತುಗಳನ್ನು ಸೇರಿಸುತ್ತೇನೆ. ಮೇಲಿನ ಇಬ್ಬರೂ ಹೇಳಿದ್ದಕ್ಕೆ ವೈದ್ಯಕೀಯದಲ್ಲಿಯೂ ಆಧಾರವಿದೆ. ಭಾವನೆಯೊಂದಕ್ಕೆ ಸರಿಯಾದ ಹೆಸರಿಡುವುದರಿಂದಲೇ ಅದರ ತೀವ್ರತೆ ಸ್ವಲ್ಪ ತಗ್ಗುತ್ತದೆ. 2007ರಲ್ಲಿ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಲಾಸ್ ಏಂಜಲೀಸ್ ಶಾಖೆಯಲ್ಲಿ ಮ್ಯಾಥ್ಯೂ ಲೀಬರ್‌ಮನ್ ಮತ್ತು ಸಂಗಡಿಗರು ಪ್ರಕಟಿಸಿದ ಅಧ್ಯಯನದಲ್ಲಿ, ಕೋಪ ಅಥವಾ ಭಯ ತುಂಬಿದ ಮುಖದ ಚಿತ್ರವನ್ನು ನೋಡಿ ಆ ಭಾವನೆಯ ಹೆಸರನ್ನು ಗುರುತಿಸಿದಾಗ, ಮಿದುಳಿನಲ್ಲಿ ಅಪಾಯದ ಸೂಚನೆಗೆ ಮೊದಲು ಸ್ಪಂದಿಸುವ ಅಮಿಗ್ಡಲಾ ಎಂಬ ಭಾಗದ ಚಟುವಟಿಕೆ ಕಡಿಮೆಯಾಯಿತು. ಉಸಿರಿನ ವಿಷಯವೂ ಹಾಗೆಯೇ. ಉಸಿರನ್ನು ಹೊರಬಿಡುವಾಗ ಹೃದಯದ ಬಡಿತ ಸಹಜವಾಗಿಯೇ ತುಸು ನಿಧಾನವಾಗುತ್ತದೆ. ಆದ್ದರಿಂದ ಒಳಗೆಳೆಯುವುದಕ್ಕಿಂತ ಹೊರಬಿಡುವುದನ್ನು ದೀರ್ಘವಾಗಿಸಿದರೆ ಮೈ ಶಾಂತವಾಗಲು ಸಹಾಯವಾಗುತ್ತದೆ. 1979ರಲ್ಲಿ ಜಾನ್ ಕಬಟ್-ಜಿನ್ ಅವರು ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯದ ವೈದ್ಯಕೀಯ ಕೇಂದ್ರದಲ್ಲಿ ದೀರ್ಘಕಾಲದ ನೋವು ಮತ್ತು ಒತ್ತಡದಿಂದ ಬಳಲುವವರಿಗಾಗಿ ಆರಂಭಿಸಿದ ಎಂಟು ವಾರಗಳ ತರಬೇತಿಯ ನಂತರವೇ ಸಾವಧಾನ ಎಂಬುದು ಆಸ್ಪತ್ರೆಗಳ ಭಾಷೆಗೆ ವ್ಯಾಪಕವಾಗಿ ಬಂದದ್ದು.

ಆದರೆ ಗಮನಿಸುವುದು ಬೇರೆ, ಮೆಲುಕು ಹಾಕುವುದು ಬೇರೆ. ಕಣ್ಣು ಮುಚ್ಚಿ ಕೂತವರೆಲ್ಲ ಗಮನಿಸುತ್ತಿರುವುದಿಲ್ಲ. ನನ್ನ ರೋಗಿಗಳಿಗೆ ನಾನು ಹೇಳುವ ಗುರುತು ಇದು: ಮನಸ್ಸಿನಲ್ಲಿ ‘ಏಕೆ’ ಎಂಬ ಪ್ರಶ್ನೆ ಓಡುತ್ತಿದ್ದರೆ ಅದು ಮೆಲುಕು, ‘ಏನು, ಎಲ್ಲಿ’ ಎಂದಿದ್ದರೆ ಗಮನ. ‘ಅಮ್ಮ ಏಕೆ ಹಾಗೆ ಕೇಳಿದರು’ ಎಂದು ಅರ್ಧ ಗಂಟೆ ಯೋಚಿಸಿದರೆ ಕೊನೆಗೆ ದಣಿವಷ್ಟೇ ಉಳಿಯುತ್ತದೆ. ‘ಗಂಟಲು ಬಿಗಿದಿದೆ, ದವಡೆ ಬಿಗಿದಿದೆ’ ಎಂದು ಎರಡು ನಿಮಿಷ ನೋಡಿದರೆ ಬಹಳ ಸಲ ಏನಾದರೂ ಸಡಿಲವಾಗುತ್ತದೆ. ಯೋಚನೆಯನ್ನು ತಳ್ಳುವುದೂ ಫಲ ಕೊಡುವುದಿಲ್ಲ, ಏಕೆಂದರೆ ಒಂದನ್ನು ಯೋಚಿಸಬಾರದೆಂದರೆ ಅದು ಬಂದಿತೇ ಇಲ್ಲವೇ ಎಂದು ಮನಸ್ಸು ಕಾವಲು ಕಾಯಬೇಕಾಗುತ್ತದೆ. ಆ ಕಾವಲೇ ಅದನ್ನು ಕರೆತರುತ್ತದೆ.

ಸಣ್ಣ ಸಂಗತಿಗಳನ್ನೂ ಬಿಡಬಾರದು. ಎದ್ದ ಕೂಡಲೇ ಫೋನನ್ನು ನೋಡುವುದನ್ನು ಒಂದು ಗಂಟೆ ಮುಂದೂಡಿ. ಅತ್ತಿಗೆಯ ಸ್ಟೇಟಸ್ ಕಾಣದಂತೆ ಮ್ಯೂಟ್ ಮಾಡಿ. ಅದು ಪಲಾಯನವಲ್ಲ, ಗಾಯವನ್ನು ಪದೇ ಪದೇ ಮುಟ್ಟದಿರುವುದು. ನಿಮ್ಮ ವಯಸ್ಸಿನಲ್ಲಿ ಮುಟ್ಟಿನ ಏರುಪೇರು, ಥೈರಾಯ್ಡ್ ತೊಂದರೆ, ನಿದ್ದೆಯ ಕೊರತೆ ಇವು ಕೂಡ ಸಿಟ್ಟನ್ನೂ ದುಗುಡವನ್ನೂ ಹೆಚ್ಚಿಸುತ್ತವೆ; ಒಮ್ಮೆ ವೈದ್ಯರನ್ನು ಕಂಡು ರಕ್ತಪರೀಕ್ಷೆ ಮಾಡಿಸಿಕೊಳ್ಳುವುದು ಒಳ್ಳೆಯದು. ಹತ್ತು ದಿನಗಳ ಮೌನ ಶಿಬಿರ ಅನೇಕರಿಗೆ ಒಳ್ಳೆಯದನ್ನು ಮಾಡಿದೆ, ಆದರೆ ತೀವ್ರ ಖಿನ್ನತೆ ಅಥವಾ ಇನ್ನಾವುದೇ ಮನೋರೋಗಕ್ಕೆ ಚಿಕಿತ್ಸೆ ಪಡೆದವರು ತಮ್ಮ ವೈದ್ಯರನ್ನು ಕೇಳದೆ ಹೋಗಬಾರದು ಎಂದು ಒತ್ತಿ ಹೇಳುತ್ತೇನೆ. ಉಸಿರನ್ನು ನೋಡತೊಡಗಿದರೆ ಗಾಬರಿ ಹೆಚ್ಚುವವರೂ ಇದ್ದಾರೆ. ಅಂಥವರು ಪಾದದ ಸ್ಪರ್ಶವನ್ನೋ ಹೊರಗಿನ ಸದ್ದನ್ನೋ ಆಶ್ರಯಿಸಬಹುದು. ಎರಡು ವಾರಕ್ಕೂ ಹೆಚ್ಚು ಕಾಲ ಯಾವುದರಲ್ಲೂ ಆಸಕ್ತಿಯಿಲ್ಲದಂತಾದರೆ, ಬದುಕು ಬೇಡವೆನಿಸಿದರೆ, ಧ್ಯಾನದಿಂದಲೇ ಸರಿಹೋಗಲಿ ಎಂದು ಕಾಯಬೇಡಿ. 2022ರಲ್ಲಿ ಆರಂಭವಾದ ಸರ್ಕಾರದ ಟೆಲಿಮಾನಸ್ ಸಹಾಯವಾಣಿ 14416ಕ್ಕೆ ಯಾವ ಹೊತ್ತಿನಲ್ಲಾದರೂ ಉಚಿತವಾಗಿ ಕರೆ ಮಾಡಬಹುದು, ಕನ್ನಡದಲ್ಲಿಯೇ ಮಾತನಾಡುತ್ತಾರೆ.

ಉತ್ತರ 4: ವಕೀಲೆ, ಬಸವೇಶ್ವರನಗರ

ಚರ್ಚೆಯ ದಾರಿ ತಪ್ಪಿಸುವ ಉದ್ದೇಶವಿಲ್ಲ, ಒಂದು ಎಚ್ಚರಿಕೆಯನ್ನಷ್ಟೇ ಹೇಳುತ್ತೇನೆ. ಸ್ವಂತ ಸಂಪಾದನೆಯ ಆಸ್ತಿಯನ್ನು ಹಿಂದೂ ತಂದೆ ಉಯಿಲು ಬರೆಯದೆ ತೀರಿಕೊಂಡರೆ ಅದರಲ್ಲಿ ಹೆಂಡತಿ, ಗಂಡುಮಕ್ಕಳು, ಹೆಣ್ಣುಮಕ್ಕಳು ಎಲ್ಲರಿಗೂ ಸಮಪಾಲು ಇದೆ. ಅದನ್ನು ನೀವು ತಿಳಿದೇ ಬಿಟ್ಟುಕೊಟ್ಟಿದ್ದರೆ ಅದು ನಿಮ್ಮ ನಿರ್ಧಾರ. ನೋಂದಾಯಿತ ಪತ್ರವನ್ನು ಮುರಿಯುವುದು ಸುಲಭವೂ ಅಲ್ಲ. ಆದರೆ ಇದನ್ನು ಓದುವ ಇತರ ಹೆಣ್ಣುಮಕ್ಕಳು ಉಪೇಕ್ಷೆ ಎಂದರೆ ತಮ್ಮ ಹಕ್ಕನ್ನು ಮೌನವಾಗಿ ಬಿಡುವುದು ಎಂದು ತಿಳಿಯಬಾರದು. ಕಿಚ್ಚು ಆರಿದ ಮನಸ್ಸಿನಿಂದಲೂ ಪಾಲು ಕೇಳಬಹುದು. ನಾನು ಕಂಡಂತೆ ಹಾಗೆ ಕೇಳಿದವರೇ ಸ್ಪಷ್ಟವಾಗಿ ಕೇಳುತ್ತಾರೆ.

ಪ್ರಶ್ನೆ ಕೇಳಿದವರ ಮರುಬರಹ: ವಿಜಯನಗರದ ಓದುಗಿ (ಇಪ್ಪತ್ತೆರಡು ದಿನಗಳ ನಂತರ)

ಎಲ್ಲರಿಗೂ ಕೃತಜ್ಞತೆಗಳು. ವಕೀಲ ಮೇಡಂ, ನಾನು ತಿಳಿದೇ ಬಿಟ್ಟುಕೊಟ್ಟವಳು; ಪಾಲು ಬೇಕೆಂಬ ಆಸೆ ಇದೆಯೇ ಎಂದು ಹಲವು ಸಲ ನನ್ನನ್ನೇ ಕೇಳಿಕೊಂಡೆ, ಇಲ್ಲವೆಂದೇ ಕಂಡಿತು. ಶುಶ್ರೂಷಕಿಯವರು ಹೇಳಿದಂತೆ ಫೋನನ್ನು ಬೆಳಗಿನ ಹೊತ್ತು ಬೀರುವಿನಲ್ಲಿಟ್ಟೆ, ರಕ್ತಪರೀಕ್ಷೆಯನ್ನೂ ಮಾಡಿಸಿದೆ, ಥೈರಾಯ್ಡ್ ಸರಿಯಾಗಿದೆ.

ಪೀಣ್ಯದ ತಮ್ಮ ಹೇಳಿದ ಅಭ್ಯಾಸದ ಬಗ್ಗೆ ಬರೆಯಲೇಬೇಕು. ಮೊದಲ ವಾರ ಉರಿಯನ್ನು ಹೊಟ್ಟೆಯಲ್ಲಿ ಹುಡುಕಿದೆ. ಅದು ಅಲ್ಲಿಯೇ ಇತ್ತು. ಎರಡನೆಯ ವಾರ ಮೆಟ್ರೋದಲ್ಲಿ ಕೆಲಸಕ್ಕೆ ಹೋಗುವಾಗ, ಪಕ್ಕದಲ್ಲಿ ಕುಳಿತವರು ಯಾರಿಗೋ ಮನೆ ಕಟ್ಟಿಸುವ ವಿಷಯ ಹೇಳುತ್ತಿದ್ದರು. ತಕ್ಷಣ ಬಿಗಿತ ಶುರುವಾಯಿತು. ಎಲ್ಲಿ ಎಂದು ನೋಡಿದೆ. ಈ ಸಲ ಅದು ಹೊಟ್ಟೆಯಲ್ಲಿರಲಿಲ್ಲ, ಗಂಟಲಿನಲ್ಲಿತ್ತು. ಅಳು ಬರುವ ಮೊದಲು ಗಂಟಲು ಹೇಗಾಗುತ್ತದೆಯೋ ಹಾಗೆ. ನೋಡುತ್ತಲೇ ಇದ್ದೆ. ಬಾಡಿಗೆಯ ಹಣವಾಗಲಿ ಅಣ್ಣನ ಬಾಲ್ಕನಿಯಾಗಲಿ ನೆನಪಾಗಲಿಲ್ಲ. ಹಳೆಯ ಮನೆಯ ಮುಂದಿನ ಕಲ್ಲಿನ ಕಟ್ಟೆ ನೆನಪಾಯಿತು. ಕೊನೆಯ ಮೂರು ವರ್ಷ ಅಪ್ಪನಿಗೆ ಪಾರ್ಶ್ವವಾಯು ಆಗಿದ್ದಾಗ, ಶನಿವಾರ ಭಾನುವಾರ ನಾನು ಹೋಗಿ ಅವರನ್ನು ಅದೇ ಕಟ್ಟೆಯ ಮೇಲೆ ಬಿಸಿಲಿಗೆ ಕೂರಿಸಿ ಉಗುರು ಕತ್ತರಿಸುತ್ತಿದ್ದೆ. ಅದನ್ನು ಕೆಡವುವ ಮೊದಲು ಯಾರೂ ನನಗೆ ಒಂದು ಮಾತು ಹೇಳಲಿಲ್ಲ. ಇಳಿಯಬೇಕಾದ ನಿಲ್ದಾಣ ದಾಟಿ ಮುಂದೆ ಹೋಗಿಬಿಟ್ಟಿದ್ದೆ.

ಇದನ್ನು ಹೊಟ್ಟೆಕಿಚ್ಚು ಎಂದು ಕರೆಯುತ್ತ ಒಂದು ವರ್ಷ ನಾಚಿಕೊಂಡೆ. ಅಸೂಯೆ ಇರಲಿಲ್ಲವೆಂದು ಹೇಳಲಾರೆ. ಈಗಲೂ ಇದೆ, ಮೊನ್ನೆ ಮಂಗಳವಾರವೂ ಬಂದಿತ್ತು. ಆದರೆ ಅದರ ಕೆಳಗಿದ್ದದ್ದು ಅಪ್ಪನಿಗಾಗಿ ನಾನು ಪೂರ್ತಿ ಅಳದೇ ಉಳಿಸಿಕೊಂಡಿದ್ದ ದುಃಖ. ಅಧ್ಯಾಪಕರು ಹೇಳಿದ ‘ಒಳ್ಳೆಯದಾಗಲಿ’ ಎಂಬ ಮಾತು ಇನ್ನೂ ನನ್ನ ಬಾಯಲ್ಲಿ ಸುಳ್ಳಾಗಿಯೇ ಇದೆ. ದಿನಕ್ಕೊಮ್ಮೆ ಹೇಳುತ್ತಿದ್ದೇನೆ, ಅದಕ್ಕೆ ಅದರ ಕಾಲ ಹಿಡಿಯಲಿ.

ಕಳೆದ ಭಾನುವಾರ ಅಣ್ಣನಿಗೆ ಫೋನ್ ಮಾಡಿ, ಆ ಕಟ್ಟೆಯ ಕಲ್ಲುಗಳು ಏನಾದವು ಎಂದು ಕೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದ. ಎರಡು ಚಪ್ಪಡಿಗಳನ್ನು ಮಾತ್ರ ಬಿಸಾಡಲು ಮನಸ್ಸಾಗದೆ ನೀರಿನ ಸಂಪಿನ ಪಕ್ಕದಲ್ಲಿ ಒರಗಿಸಿಟ್ಟಿದ್ದೇನೆ ಎಂದ. ಬರುವ ಶನಿವಾರ ನೋಡಲು ಹೋಗುತ್ತೇನೆ.